ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುವ ಮೊದಲು: ಡೆಂಗ್ಯೂ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

ಆಟಿ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಹಿರಿಯ ನರ್ಸ್. ಹಾಗಾಗಿ ಜೆಪ್ಪಿನಿಂದ ಸುರತ್ಕಲ್‌ವರೆಗೆ ಚದುರಿರುವ ನೆಂಟರಿಷ್ಟರಿಗೆಲ್ಲ ನಾನೇ ಸಹಾಯವಾಣಿ. ಕೇಳುವುದು ಎಲ್ಲರೂ ಒಂದನ್ನೇ: “ಪ್ಲೇಟ್‌ಲೆಟ್ 80 ಸಾವಿರಕ್ಕೆ ಇಳಿದಿದೆ, ಏನು ಮಾಡುವುದು?” ನಾನು ತಿರುಗಿ ಕೇಳುತ್ತೇನೆ: ಜ್ವರ ಶುರುವಾಗಿ ಇಂದಿಗೆ ಎಷ್ಟನೇ ದಿನ? ಪಿ.ಸಿ.ವಿ. (ರಕ್ತ ಎಷ್ಟು ಮಂದವಾಗಿದೆ ಎಂದು ತೋರಿಸುವ ಸಂಖ್ಯೆ) ಎಷ್ಟಿದೆ, ಮೊದಲ ರಿಪೋರ್ಟಿನಲ್ಲಿ ಎಷ್ಟಿತ್ತು? ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ? ಆ ಕಡೆಯಿಂದ ಉತ್ತರ ಬರುವುದು ಅಪರೂಪ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಸಂಖ್ಯೆ ಮಾತ್ರ ಎಲ್ಲರ ಬಾಯಲ್ಲಿ, ಷೇರು ಮಾರುಕಟ್ಟೆಯ ಸೂಚ್ಯಂಕ ಇದ್ದ ಹಾಗೆ.

2019ರ ಮಳೆಗಾಲದಲ್ಲಿ ಗುಜ್ಜರಕೆರೆ ಆಸುಪಾಸಿನಲ್ಲಿ ಡೆಂಗ್ಯೂ ಹಬ್ಬಿದಾಗಲೂ ಇದೇ ಪಾಡು. ಅಂದಿನಿಂದ ನಾನು ಮನೆಯವರನ್ನು ಕೂರಿಸಿಕೊಂಡು ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ವೈದ್ಯರನ್ನು ಬಿಟ್ಟು ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳಲು ಅಲ್ಲ. ವೈದ್ಯರು ನೋಡಿ, “ಸದ್ಯಕ್ಕೆ ಅಡ್ಮಿಟ್ ಬೇಡ, ಮನೆಯಲ್ಲೇ ಇರಲಿ, ನಾಳೆ ಬನ್ನಿ” ಎಂದು ಕಳುಹಿಸಿದ ರೋಗಿಯನ್ನು ನಾಳೆಯವರೆಗೆ ಕಣ್ಣಿಟ್ಟು ಕಾಯುವುದು ಹೇಗೆ ಎಂಬುದಕ್ಕೆ. ಗರ್ಭಿಣಿ, ಹಸುಗೂಸು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರನ್ನು ಮೊದಲ ದಿನವೇ ಆಸ್ಪತ್ರೆಯವರ ಕೈಗೆ ಒಪ್ಪಿಸಿ.

ಕಾಯುವುದು ಯಾವುದನ್ನು ಎಂದು ತಿಳಿಯದಿದ್ದರೆ ಕಾದು ಫಲವಿಲ್ಲ. ಡೆಂಗ್ಯೂವಿನಲ್ಲಿ ಜೀವಕ್ಕೆ ಅಪಾಯ ತರುವ ಮುಖ್ಯ ಸಂಗತಿ ರಕ್ತನಾಳಗಳ ಸೋರಿಕೆ. ದೊಡ್ಡ ರಕ್ತಸ್ರಾವ ಆಗುವವರಲ್ಲೂ ಅನೇಕರಿಗೆ ಅದು ಬರುವುದು ಸೋರಿಕೆಯಿಂದ ರಕ್ತದೊತ್ತಡ ಕುಸಿದು ಬಹಳ ಹೊತ್ತು ಹಾಗೆಯೇ ಉಳಿದ ಮೇಲೆ.

ಹೃದಯದ ಕೋಣೆಗಳಿಂದ ಹಿಡಿದು ಕಿರುಬೆರಳ ತುದಿಯ ಲೋಮನಾಳದವರೆಗೆ, ಮೈಯ ಎಲ್ಲ ರಕ್ತನಾಳಗಳ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ. ಅದರ ಹೆಸರು ಎಂಡೋಥೀಲಿಯಂ. ರಕ್ತ ಒಳಗೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುವುದು, ನೀರು, ಲವಣ, ಸಕ್ಕರೆಯನ್ನು ಬೇಕಾದಷ್ಟು ಹೊರಗೆ ಬಿಟ್ಟು ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನುಗಳನ್ನು ಒಳಗೇ ಹಿಡಿದಿಡುವುದು, ಎಲ್ಲವೂ ಇದೇ ಪದರದ ಕೆಲಸ. ಈ ಕೋಶಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವುದು ವಿ.ಇ. ಕ್ಯಾಡ್ಹೆರಿನ್ ಮುಂತಾದ ಪ್ರೋಟೀನುಗಳು. ರಕ್ತ ಹರಿಯುವ ಕಡೆಯ ಮೈಮೇಲೆ ಸಕ್ಕರೆ ಮತ್ತು ಪ್ರೋಟೀನಿನ ಎಳೆಗಳಿಂದಾದ ನವಿರಾದ ಹೊದಿಕೆಯೊಂದಿದೆ, ಅದು ಗ್ಲೈಕೋಕ್ಯಾಲಿಕ್ಸ್. ಆಲ್ಬುಮಿನ್ ನುಸುಳದಂತೆ ತಡೆಯುವ ಮೊದಲ ಅಡ್ಡಿ ಅದೇ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಅಲ್ಲಿಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ, ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಸಂದೇಶವಾಹಕಗಳನ್ನು ಬಿಡುತ್ತವೆ. ಸಂದೇಶ ಸಿಕ್ಕಿದ ಎಂಡೋಥೀಲಿಯಂ ಕೋಶಗಳು ಬೆಸುಗೆ ಸಡಿಲಿಸುತ್ತವೆ, ಮೈಮೇಲೆ ಅಂಟು ಪ್ರೋಟೀನುಗಳನ್ನು ಮೂಡಿಸಿಕೊಳ್ಳುತ್ತವೆ. ಹರಿಯುವ ಬಿಳಿ ಕಣಗಳು ಆ ಅಂಟಿಗೆ ಸಿಕ್ಕಿ, ನಿಂತು, ಸಂದಿನಿಂದ ನುಸುಳಿ ಗಾಯದ ಕಡೆಗೆ ಹೋಗುತ್ತವೆ. ಜೊತೆಗೆ ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿದ ದ್ರವವೂ ಹೊರಬರುತ್ತದೆ. ಉರಿಯೂತ ಎಂದರೆ ಇಷ್ಟೇ, ಮತ್ತು ಅದು ಒಂದು ಅಂಗೈ ಅಗಲದ ಜಾಗದಲ್ಲಿ ನಡೆದರೆ ನಮಗೆ ಉಪಕಾರವೇ.

ಡೆಂಗ್ಯೂವಿನಲ್ಲಿ ಇದು ಇಡೀ ಮೈಯಲ್ಲಿ ಒಟ್ಟಿಗೇ ನಡೆಯಬಹುದು. ವೈರಸ್ ಮುಖ್ಯವಾಗಿ ಸೇರಿಕೊಳ್ಳುವುದು ಮಾನೊಸೈಟ್‌ನಂಥ ಬಿಳಿ ಕಣಗಳನ್ನು. ಅವು ಮತ್ತು ಅವುಗಳ ವಿರುದ್ಧ ಎದ್ದ ರೋಗನಿರೋಧಕ ಕೋಶಗಳು ಸೇರಿ ಟಿ.ಎನ್.ಎಫ್. ಮುಂತಾದ ಸೈಟೊಕೈನ್‌ಗಳನ್ನು ಒಮ್ಮೆಲೇ ರಕ್ತಕ್ಕೆ ಬಿಡುತ್ತವೆ. ಇನ್ನೊಂದು ವಿಷಯ ನಿಮ್ಮ ರಿಪೋರ್ಟಿನಲ್ಲೇ ಇದೆ. ಎನ್‌ಎಸ್‌-1 ಪಾಸಿಟಿವ್ ಎಂದು ಬರೆದಿರುತ್ತಾರಲ್ಲ, ಆ ಎನ್‌ಎಸ್‌-1 ಎಂಬುದು ಸೋಂಕಿತ ಕೋಶಗಳಿಂದ ರಕ್ತಕ್ಕೆ ಬರುವ ವೈರಸ್‌ನ ಪ್ರೋಟೀನು. ನಾವು ಅದನ್ನು ರೋಗದ ಗುರುತು ಎಂದಷ್ಟೇ ತಿಳಿದಿದ್ದೆವು. ಅದು ಎಂಡೋಥೀಲಿಯಂ ಕೋಶಗಳಿಗೆ ನೇರವಾಗಿ ಅಂಟಿ, ಗ್ಲೈಕೋಕ್ಯಾಲಿಕ್ಸ್ ಹೊದಿಕೆಯನ್ನು ಕತ್ತರಿಸುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ ಎಂದು ಪ್ರಯೋಗಾಲಯಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಒಂದೆಡೆ ಹೊದಿಕೆ ಉದುರುತ್ತದೆ, ಇನ್ನೊಂದೆಡೆ ಬೆಸುಗೆ ಸಡಿಲವಾಗುತ್ತದೆ.

ಇಷ್ಟಾದರೂ ಕೋಶಗಳು ಬಹುಪಾಲು ಸಾಯುವುದಿಲ್ಲ, ಮತ್ತು ನಮಗೆ ಧೈರ್ಯ ಕೊಡುವುದೇ ಇದು. ಮಂಗಳೂರು ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ: ಒಂದು ಹೆಂಚೂ ಒಡೆದಿರುವುದಿಲ್ಲ, ಗಾಳಿಗೆ ಒಂದಿಷ್ಟು ಸರಿದಿರುತ್ತವೆ, ಅಷ್ಟಕ್ಕೇ ಜಗಲಿಯೆಲ್ಲ ನೀರು. ಸರಿದದ್ದು ಮತ್ತೆ ಕೂತರೆ ಸೋರುವುದೂ ನಿಲ್ಲುತ್ತದೆ. ಡೆಂಗ್ಯೂವಿನ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ತಾನಾಗಿ ನಿಲ್ಲುತ್ತದೆ. ಆ ಒಂದೆರಡು ದಿನ ರಕ್ತನಾಳದೊಳಗೆ ಸಾಕಷ್ಟು ದ್ರವ ಉಳಿಯುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ವೈರಸ್‌ಗೆಂದೇ ಕೊಡುವ ಮಾತ್ರೆ ಇಲ್ಲ.

ಹಾಗಾದರೆ ಆ ಒಂದೆರಡು ದಿನ ಯಾವುದು? ಜ್ವರ ಬಿಡುವ ಹೊತ್ತು. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ. ರಕ್ತದಲ್ಲಿ ವೈರಸ್ ಇಳಿಮುಖವಾಗಿ ಜ್ವರ ತಗ್ಗುವಾಗ, ಅದರ ವಿರುದ್ಧದ ಉರಿಯೂತ ಏರಿರುತ್ತದೆ. ಮನೆಯವರು ಇಲ್ಲೇ ಮೋಸ ಹೋಗುವುದು. “ಜ್ವರ ಬಿಟ್ಟಿತು, ಇನ್ನು ಹೆದರಿಕೆಯಿಲ್ಲ” ಎಂದು ಥರ್ಮಾಮೀಟರ್ ಒಳಗಿಟ್ಟು, ಹುಡುಗನನ್ನು ಕಾಲೇಜಿಗೆ ಕಳುಹಿಸಿದವರನ್ನು ನಾನು ನೋಡಿದ್ದೇನೆ. ಜ್ವರ ಬಿಟ್ಟ ಮೇಲೆ ರೋಗಿ ಗೆಲುವಾಗಿ, ಹಸಿವೆ ಎಂದು ಗಂಜಿ ಕೇಳಿದರೆ ಸರಿ. ಜ್ವರ ಬಿಟ್ಟೂ ಇನ್ನಷ್ಟು ಸುಸ್ತಾಗಿ ಮುದುರಿಕೊಂಡರೆ ಅದು ಗುಣವಾದ ಲಕ್ಷಣವಲ್ಲ.

ಆದ್ದರಿಂದ ಮೊದಲ ಕೆಲಸ ದಿನ ಎಣಿಸುವುದು. ಜ್ವರ ಬಂದ ದಿನವೇ ಒಂದನೆಯ ದಿನ. ಸೋಮವಾರ ರಾತ್ರಿ ಮೈ ಬಿಸಿಯಾಯಿತು ಎಂದರೆ ಗುರುವಾರ ನಾಲ್ಕನೆಯ ದಿನ. ಪರೀಕ್ಷೆ ಆಯ್ದುಕೊಳ್ಳುವುದೂ ಇದೇ ಎಣಿಕೆಯ ಮೇಲೆ: ಮೊದಲ ಐದು ದಿನಗಳಲ್ಲಿ ಎನ್‌ಎಸ್‌-1, ಆಮೇಲೆ ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ. ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗ್ಯೂ ಅಲ್ಲ ಎಂದು ತೀರ್ಮಾನಿಸಬೇಡಿ. ಇವೆರಡರ ಎಲೈಸಾ ಎಂಬ ಲ್ಯಾಬ್ ಪರೀಕ್ಷೆಗೆ ಖಾಸಗಿಯಲ್ಲಿ ತಲಾ 300 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ರಾಜ್ಯ ಸರ್ಕಾರ 2024ರ ಜುಲೈನಲ್ಲಿ ಮಿತಿ ಹಾಕಿತ್ತು. ಬಿಲ್ ನೋಡುವಾಗ ನೆನಪಿರಲಿ.

ಎರಡನೆಯದು ಒಂದು ನೋಟ್‌ಬುಕ್. ಮೊಬೈಲಿನಲ್ಲಿ ಬರೆದಿಟ್ಟರೆ ರಾತ್ರಿ ಪಾಳಿಯಲ್ಲಿ ಕೂರುವ ಅತ್ತೆಗೆ ಅದು ಕಾಣುವುದಿಲ್ಲ. ಮಂಚದ ಪಕ್ಕದಲ್ಲೇ ಪೆನ್ನು ಕಟ್ಟಿದ ಪುಸ್ತಕ ಇರಲಿ. ನಾನು ನನ್ನ ತಂಗಿಯ ಮನೆಯಲ್ಲಿ ಬರೆಸಿದ ಪುಟದ ಸಾಲುಗಳು ಹೀಗಿದ್ದವು: “ಬೆಳಿಗ್ಗೆ 6, ಜ್ವರ 101, ಗಂಜಿ ತಿಳಿ ಒಂದು ಲೋಟ, ಮೂತ್ರ ಹೋಯಿತು, ತಿಳಿ ಹಳದಿ. 8.30, ಎಳನೀರು ಅರ್ಧ. 10, ಜ್ವರ 99.4, ಹೊಟ್ಟೆನೋವು ಇಲ್ಲ, ಕೈ ಬೆಚ್ಚಗಿದೆ.” ಇಷ್ಟು ಸಾಕು. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಮೂತ್ರದ ಸಾಲು. ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ಹೋಗುತ್ತಿದ್ದರೆ ಮೂತ್ರಪಿಂಡಕ್ಕೆ ರಕ್ತ ತಲುಪುತ್ತಿದೆ ಎಂದರ್ಥ. ಆರು ಗಂಟೆ ಕಳೆದರೂ ಹೋಗಲಿಲ್ಲ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಕೈ ಬೆಚ್ಚಗಿದೆಯೇ ಎಂದು ಬರೆಯುವುದು ಏಕೆಂದರೆ, ನಾಳದೊಳಗೆ ದ್ರವ ಕಡಿಮೆಯಾದಾಗ ದೇಹ ಕೈಕಾಲುಗಳ ನಾಳಗಳನ್ನು ಬಿಗಿದು ಮೆದುಳಿಗೂ ಹೃದಯಕ್ಕೂ ರಕ್ತ ಉಳಿಸುತ್ತದೆ. ಬೆರಳ ತುದಿಯನ್ನು ಐದು ಸೆಕೆಂಡು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಪರೀಕ್ಷಿಸುವಾಗ ಫ್ಯಾನ್ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ನೋಡಬೇಡಿ.

ಮನೆಯಲ್ಲಿ ಬಿ.ಪಿ. ಯಂತ್ರ ಇರುವವರು ಮೇಲಿನ ಸಂಖ್ಯೆಯನ್ನಷ್ಟೇ ನೋಡಿ ಸಮಾಧಾನಪಡುತ್ತಾರೆ. 110/92 ಎಂದು ಬಂದರೆ “ಬಿ.ಪಿ. ಚೆನ್ನಾಗಿದೆ” ಎಂದು ನನಗೆ ಸಂದೇಶ ಬರುತ್ತದೆ. ಆ ಸಂದೇಶ ನೋಡಿ ನಾನು ಕುರ್ಚಿಯಿಂದ ಏಳುತ್ತೇನೆ. ಎರಡು ಸಂಖ್ಯೆಗಳ ನಡುವಿನ ಅಂತರ ಸಾಮಾನ್ಯವಾಗಿ 40ರ ಆಸುಪಾಸು ಇರಬೇಕು. ಇಲ್ಲಿ ಬರೀ 18. ನಾಳಗಳು ಬಿಗಿದಷ್ಟೂ ಕೆಳಗಿನ ಸಂಖ್ಯೆ ಏರುತ್ತದೆ, ಮೇಲಿನದು ಕೊನೆಯವರೆಗೂ ಹಾಗೆಯೇ ನಿಂತು ನಮ್ಮನ್ನು ನಂಬಿಸುತ್ತದೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆ ಎಂದರೆ ಡೆಂಗ್ಯೂವಿನಲ್ಲಿ ಅದು ಆಘಾತದ (ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ) ಲಕ್ಷಣ. ಇಂಥ ಹೊತ್ತಿನಲ್ಲಿ ಮನೆಯ ಡಿಜಿಟಲ್ ಯಂತ್ರದ ಲೆಕ್ಕ ತಪ್ಪುವುದೂ ಉಂಟು, ಆದ್ದರಿಂದ ಯಂತ್ರ ಚೆನ್ನಾಗಿದೆ ಎಂದು ಹೇಳಿದರೂ ರೋಗಿ ತಣ್ಣಗೆ, ಬೆವೆತು, ಮಂಕಾಗಿದ್ದರೆ ರೋಗಿಯನ್ನೇ ನಂಬಿ.

ಇನ್ನು ರಕ್ತದ ರಿಪೋರ್ಟ್. ಮೂರನೆಯ ದಿನದಿಂದ, ಜ್ವರ ಬಿಟ್ಟು ಒಂದೆರಡು ದಿನ ಕಳೆಯುವವರೆಗೆ, ವೈದ್ಯರು ದಿನವೂ ರಕ್ತ ಪರೀಕ್ಷೆ ಬರೆಯುತ್ತಾರೆ. ಆ ಹಾಳೆಯಲ್ಲಿ ಪಿ.ಸಿ.ವಿ. ಅಥವಾ ಹಿಮ್ಯಾಟೊಕ್ರಿಟ್ ಎಂಬ ಸಾಲು ಹುಡುಕಿ. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಪಾಲು ಎಂಬ ಲೆಕ್ಕ ಅದು. ಪ್ಲಾಸ್ಮಾ ಸೋರಿದರೆ ಕಣಗಳು ಒಳಗೇ ಉಳಿಯುತ್ತವೆ, ರಕ್ತ ಮಂದವಾಗುತ್ತದೆ, ಸಂಖ್ಯೆ ಏರುತ್ತದೆ. ಮೊದಲ ದಿನಗಳಲ್ಲಿ 38 ಇದ್ದದ್ದು 45.6 ದಾಟಿದರೆ ಅದು ಶೇಕಡಾ 20ರ ಏರಿಕೆ, ಸೋರಿಕೆಗೆ ಸಾಕ್ಷಿ. ಅಷ್ಟು ಏರುವವರೆಗೆ ಸುಮ್ಮನಿರಬೇಕೆಂದಲ್ಲ. ಪ್ಲೇಟ್‌ಲೆಟ್ ಸರಸರನೆ ಇಳಿಯುತ್ತ ಪಿ.ಸಿ.ವಿ. ಏರುತ್ತ ಇದ್ದರೆ ಅದೇ ಎಚ್ಚರಿಕೆ.

ಇಲ್ಲಿ ಲ್ಯಾಬಿನ ‘ನಾರ್ಮಲ್’ ಕಾಲಂ ಕಣ್ಣಿಗೆ ಮಣ್ಣೆರಚುತ್ತದೆ. ರಕ್ತಹೀನತೆ ಇರುವ ಹೆಂಗಸೊಬ್ಬಳ ಪಿ.ಸಿ.ವಿ. ಮೊದಲೇ 31 ಇತ್ತು ಎಂದುಕೊಳ್ಳಿ. ಐದನೆಯ ದಿನ 38 ಬಂದಿದೆ. ರಿಪೋರ್ಟಿನಲ್ಲಿ ದಪ್ಪ ಅಕ್ಷರವಿಲ್ಲ, ನಕ್ಷತ್ರವಿಲ್ಲ, 38 ಎಂದರೆ ಹೆಂಗಸರಿಗೆ ಸಹಜ. ಆದರೆ ಅವಳ ಪಾಲಿಗೆ ಅದು ಶೇಕಡಾ 22ಕ್ಕಿಂತ ಹೆಚ್ಚಿನ ಏರಿಕೆ. ಅದಕ್ಕೇ ನಾನು ಹಳೆಯ ರಿಪೋರ್ಟುಗಳಿಗಾಗಿ ಕಾಡುವುದು. ಹೋದ ವರ್ಷದ ಶಸ್ತ್ರಚಿಕಿತ್ಸೆಗೆ ಮಾಡಿಸಿದ್ದೋ, ಹೆರಿಗೆಯ ಕಡತದಲ್ಲಿದ್ದದ್ದೋ, ಯಾವುದಾದರೂ ಸರಿ, ತೆಗೆದುಕೊಂಡು ಹೋಗಿ. ಡ್ರಿಪ್ ಹಾಕಿದ ಮೇಲೆ ಅಥವಾ ಒಳಗೆ ರಕ್ತಸ್ರಾವವಾದಾಗ ಇದೇ ಸಂಖ್ಯೆ ಇಳಿಯುತ್ತದೆ. ಆಗ ಅದನ್ನು ಅರ್ಥೈಸುವುದು ವೈದ್ಯರ ಕೆಲಸ.

ಪ್ಲೇಟ್‌ಲೆಟ್ ಬಗ್ಗೆ ಒಂದು ಮಾತು ಹೇಳದೆ ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ. ಮೂಳೆ ಮಜ್ಜೆಯಲ್ಲಿ ಉತ್ಪಾದನೆ ತಗ್ಗಿ, ಇರುವವೂ ನಾಶವಾಗಿ ಸಂಖ್ಯೆ ಇಳಿಯುತ್ತದೆ. ಇಳಿದದ್ದು ತಾನಾಗಿ ಏರುತ್ತದೆ. ಸಂಖ್ಯೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ದಾನಿಗಳಿಂದ ಪಡೆದು ರಕ್ತನಾಳಕ್ಕೆ ಹಾಕಿದರೆ ಲಾಭವಿದೆಯೇ ಎಂದು ಸಿಂಗಪುರ ಮತ್ತು ಮಲೇಷ್ಯಾದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದ ವಯಸ್ಕ ರೋಗಿಗಳ ಮೇಲೆ ಪರೀಕ್ಷಿಸಿದರು. ರಕ್ತಸ್ರಾವವನ್ನು ತಡೆಯಲು ಅದರಿಂದ ಉಪಯೋಗವಾಗಲಿಲ್ಲ ಎಂದು 2017ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ಆಗುತ್ತಿದ್ದರೆ ಮಾತು ಬೇರೆ. ಪಪ್ಪಾಯಿ ಎಲೆಯ ರಸ ಕುಡಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ಅದು ನಾಳಗಳ ಸೋರಿಕೆಯನ್ನು ನಿಲ್ಲಿಸುತ್ತದೆ ಎನ್ನಲು ಆಧಾರವಿಲ್ಲ. ಕುಡಿದು ವಾಂತಿ ಮಾಡಿಕೊಂಡರೆ ಹೊಟ್ಟೆಯಲ್ಲಿದ್ದ ಗಂಜಿಯೂ ಹೋಯಿತು. ಆಟಿ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯ ಕಷಾಯವನ್ನು ಮುಖ ಕಿವುಚಿಕೊಂಡು ನಾನೂ ಕುಡಿಯುತ್ತೇನೆ, ಕಹಿಯ ಮೇಲೆ ನನಗೆ ಹಗೆಯಿಲ್ಲ. ಆದರೆ ವಾಕರಿಸುತ್ತಿರುವ ಡೆಂಗ್ಯೂ ರೋಗಿಗೆ ಕಹಿ ಬೇಡ.

ಕುಡಿಸಬೇಕಾದದ್ದು ಉಪ್ಪು ಸಕ್ಕರೆ ಇರುವ ದ್ರವ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೆ ರಕ್ತದ ಸೋಡಿಯಂ ಇಳಿಯಬಹುದು. ಓ.ಆರ್.ಎಸ್. ಪೊಟ್ಟಣ ಒಂದಕ್ಕೆ ಒಂದು ಲೀಟರ್ ನೀರು, ಅಥವಾ ಪೊಟ್ಟಣದ ಮೇಲೆ ಬರೆದಷ್ಟು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂದು ಕೈಯಳತೆ ಮಾಡಬೇಡಿ. ನಮ್ಮ ಕುಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕೊಟ್ಟರೆ ಹೆಚ್ಚಿನವರು ಒಲ್ಲೆ ಎನ್ನುವುದಿಲ್ಲ. ಎಳನೀರು, ಮಜ್ಜಿಗೆ, ಲಿಂಬೆ ಪಾನಕ ಆದೀತು. ಒಮ್ಮೆಲೇ ದೊಡ್ಡ ಲೋಟ ಹಿಡಿದರೆ ವಾಂತಿ. ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಒಳಗೆ ನಿಲ್ಲುತ್ತದೆ.

ಪುನರ್ಪುಳಿ (ಕೋಕಂ) ಶರಬತ್ತು ಮಾತ್ರ ಈ ವಾರ ಬೇಡ. ಅದರಲ್ಲಿ ವಿಷವೇನೂ ಇಲ್ಲ, ಆದರೆ ಅದನ್ನು ಕುಡಿದು ವಾಂತಿಯಾದರೆ ಕಡುಗೆಂಪು. ರಕ್ತವೋ ಶರಬತ್ತೋ ಎಂದು ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದಲ್ಲಿ ನಾವು ತಲೆ ಕೆರೆದುಕೊಳ್ಳಬೇಕು. ಬೀಟ್‌ರೂಟಿಗೂ ಇದೇ ಮಾತು. ಕಪ್ಪು ಕಾಫಿಯನ್ನೂ ದೂರವಿಡಿ; ಹೊಟ್ಟೆಯಲ್ಲಿ ಹಳತಾದ ರಕ್ತ ವಾಂತಿಯಾಗುವುದು ಕಾಫಿ ಪುಡಿಯ ಬಣ್ಣದಲ್ಲೇ.

ಮೈಕೈ ನೋವಿಗೆ ಪ್ಯಾರಸಿಟಮಾಲ್ ಒಂದೇ. ವಯಸ್ಕರಿಗೆ 500 ಅಥವಾ 650 ಮಿಲಿಗ್ರಾಂ ಮಾತ್ರೆ, ಕನಿಷ್ಠ ಆರು ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಡೆಂಗ್ಯೂ ಯಕೃತ್ತನ್ನೂ ಕಾಡುತ್ತದೆ. ಮಕ್ಕಳಿಗೆ ತೂಕದ ಲೆಕ್ಕ, ಅದನ್ನು ವೈದ್ಯರೇ ಹೇಳಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಇವು ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ, ಪ್ಲೇಟ್‌ಲೆಟ್ ಕೆಲಸ ಕೆಡಿಸುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಲಿ. “ಜ್ವರಕ್ಕೊಂದು ಇಂಜೆಕ್ಷನ್ ಹೊಡೆಯಿರಿ” ಎಂದು ನೀವೇ ಒತ್ತಾಯಿಸುವ ಚಾಳಿಯೊಂದಿದೆ, ಹೊಡೆಯುವವರೂ ಸಿಗುತ್ತಾರೆ. ಪಿರ್ರೆಗೆ ಚುಚ್ಚಿದ ಸೂಜಿಯಿಂದ ಸ್ನಾಯುವಿನೊಳಗೆ ರಕ್ತ ಕಟ್ಟಿ ನೀಲಿಗಟ್ಟಿದ ರೋಗಿಗಳನ್ನು ನಮ್ಮ ವಾರ್ಡ್ ಪ್ರತಿ ಮಳೆಗಾಲ ನೋಡುತ್ತದೆ.

ಯಾವಾಗ ಹೊರಡಬೇಕು? ಬಿಡದ ಹೊಟ್ಟೆನೋವು, ಅದರಲ್ಲೂ ಬಲಪಕ್ಕೆಯ ಕೆಳಗೆ ಒತ್ತಿದರೆ ನೋವು. ಮತ್ತೆ ಮತ್ತೆ ವಾಂತಿ. ವಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ, ಅಕಾಲದ ಅಥವಾ ವಿಪರೀತ ಮುಟ್ಟು. ಉಸಿರಾಡಲು ಕಷ್ಟ, ಹೊಟ್ಟೆ ಉಬ್ಬರ; ಸೋರಿದ ಪ್ಲಾಸ್ಮಾ ಹೋಗಿ ಸೇರುವುದು ಶ್ವಾಸಕೋಶದ ಸುತ್ತ ಮತ್ತು ಹೊಟ್ಟೆಯೊಳಗೆ. ಎದ್ದು ನಿಂತರೆ ತಲೆ ತಿರುಗುವುದು. ಎಚ್ಚರಿಸಿದರೂ ಮಂಕು, ಅಥವಾ ಇದ್ದಕ್ಕಿದ್ದಂತೆ ಚಡಪಡಿಕೆ, ಸಿಡಿಮಿಡಿ. ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬೇಡಿ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಾಗಲಿ, ಹತ್ತಿರದ ತಾಲೂಕು ಆಸ್ಪತ್ರೆಯಾಗಲಿ, ಖಾಸಗಿಯಾಗಲಿ, ಮೊದಲು ಸಿಗುವ ತುರ್ತು ವಿಭಾಗಕ್ಕೆ ಹೋಗಿ, ನೋಟ್‌ಬುಕ್ಕನ್ನು ಮರೆಯಬೇಡಿ. ಮಳೆಗೆ ರಸ್ತೆ ಕೆಟ್ಟಿರುವ ಊರಿನವರು ನಾಲ್ಕನೆಯ ದಿನದ ಹೊತ್ತಿಗೇ ಪೇಟೆಯ ನೆಂಟರ ಮನೆಗೆ ಬಂದಿರುವುದು ಜಾಣತನ.

ಸೋರಿಕೆ ನಿಂತ ಮೇಲೆ ಹೊರಹೋದ ದ್ರವವೇ ಮರಳಿ ನಾಳಕ್ಕೆ ಬರುತ್ತದೆ, ಎರಡು ಮೂರು ದಿನ. ಮೂತ್ರ ಧಾರಾಳ, ಹಸಿವೆ, ಅಂಗೈ ಅಂಗಾಲು ತುರಿಕೆ. ಕೆಲವರಿಗೆ ಕಾಲುಗಳ ತುಂಬ ಕೆಂಪು ದದ್ದಿನ ನಡುವೆ ಬಿಳಿ ಚುಕ್ಕಿಗಳು. ವೈದ್ಯರು ಡ್ರಿಪ್ ತೆಗೆಸಿದಾಗ “ಇನ್ನೊಂದು ಬಾಟಲಿ ಹಾಕಿ, ಸುಸ್ತಿದೆ” ಎಂದು ಜಗಳಕ್ಕೆ ಬರುವವರಿಗೆ ನಾನು ಹೇಳುವುದಿಷ್ಟೇ: ಈಗ ಹಾಕಿದ ಬಾಟಲಿ, ಮರಳಿ ಬರುತ್ತಿರುವ ದ್ರವದ ಜೊತೆ ಸೇರಿ ಶ್ವಾಸಕೋಶದಲ್ಲಿ ನೀರು ತುಂಬಿಸಬಹುದು.

ಜ್ವರ ಇರುವಷ್ಟು ದಿನ ರೋಗಿ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಲಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅವನನ್ನು ಕಚ್ಚಿದ ಸೊಳ್ಳೆ ಮುಂದೆ ನಿಮ್ಮನ್ನೂ ಕಚ್ಚಬಹುದು. ಅಂಗಳದ ಅಡಿಕೆ ಹಾಳೆ, ತೆಂಗಿನ ಗೆರಟೆ, ಟಾರ್ಪಾಲಿನ ಮಡಿಕೆಗಳಲ್ಲಿ ನಿಂತ ನೀರನ್ನು ಯಾರಾದರೂ ಚೆಲ್ಲಿ ಬನ್ನಿ.

ಕೊನೆಗೆ, ರಿಪೋರ್ಟುಗಳನ್ನು ಕಡತದಲ್ಲಿ ಸೇರಿಸುವಾಗ ಮುಖಪುಟದ ಮೇಲೆ ‘ಡೆಂಗ್ಯೂ’ ಎಂದೂ ಇಸವಿಯನ್ನೂ ದೊಡ್ಡದಾಗಿ ಬರೆಯಿರಿ, ಗುಣವಾದಾಗಿನ ಪಿ.ಸಿ.ವಿ.ಯನ್ನೂ. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಂದು ಹೋದ ಮೇಲೆ ಬೇರೊಂದು ಬಗೆ ತಗಲಿದರೆ, ಹಳೆಯ ಪ್ರತಿಕಾಯಗಳೇ ವೈರಸ್‌ಗೆ ಕೋಶದೊಳಗೆ ದಾರಿ ಮಾಡಿಕೊಟ್ಟು ಉರಿಯೂತ ಹೆಚ್ಚುವ ಸಂಭವವಿದೆ. ಮುಂದಿನ ಸಲ ಜ್ವರವೆಂದು ಹೋದಾಗ ವೈದ್ಯರು ಕೇಳುವ ಮೊದಲೇ ಆ ಕಡತವನ್ನು ಮೇಜಿನ ಮೇಲಿಡಿ.